ಹಣೆಯ ಬರಹ, ವಂಶದ ಬರಹ

ಒಂದೇ ಮನೆತನದಲ್ಲಿ ಅಜ್ಜಿಯೂ ಆಕೆಯ ಮಗಳೂ ಮಗಳ ಮಗಳೂ ಒಂದೇ ಬಗೆಯ ರೋಗದಿಂದ, ಬಹುಮಟ್ಟಿಗೆ ಒಂದೇ ಪ್ರಾಯದಲ್ಲಿ ತೀರಿಕೊಂಡರೆ ಊರವರು ಏನೆನ್ನುತ್ತಾರೆ? "ಆ ಮನೆಯ ಹೆಣ್ಣುಮಕ್ಕಳ ಹಣೆಬರಹವೇ ಹಾಗೆ" ಎನ್ನುತ್ತಾರೆ. ಕೆಲವರು ಅದನ್ನು ದೋಷವೆನ್ನುತ್ತಾರೆ, ಕೆಲವರು ಶಾಪವೆನ್ನುತ್ತಾರೆ. ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸುವವರುಂಟು, ಹರಕೆ ಹೊರುವವರುಂಟು. ಇನ್ನು ಕೆಲವರು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ; ಆದರೆ ಆ ಮನೆಯಿಂದ ಹೆಣ್ಣು ತರುವ ಪ್ರಸ್ತಾಪ ಬಂದಾಗ ಮೆಲ್ಲನೆ ಮಾತು ಬದಲಿಸುತ್ತಾರೆ. ಇದನ್ನರಿತ ಮನೆಯವರು ತಮ್ಮಲ್ಲಾದ ಸಾವುಗಳ ಕಾರಣವನ್ನು ಮುಚ್ಚಿಡುತ್ತಾರೆ. ಹೀಗೆ ಒಂದು ತಲೆಮಾರು ಕಂಡು ಅನುಭವಿಸಿದ್ದು ಮುಂದಿನ ತಲೆಮಾರಿಗೆ ತಲಪುವುದೇ ಇಲ್ಲ.

ಈ ಮೌನ ಎಷ್ಟು ಅಪಾಯಕರವಾದುದು, ಅದನ್ನು ಮುರಿದ ಒಬ್ಬ ಸಾಮಾನ್ಯ ಸ್ತ್ರೀಯಿಂದ ಎಷ್ಟು ಮಂದಿಗೆ ಉಪಕಾರವಾಯಿತು ಎಂಬುದನ್ನು ತೋರಿಸುವ ನಿಜವಾದ ವೃತ್ತಾಂತವೊಂದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿದೆ. ಅದನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ವಾಚಕರಿಗೆ ತಿಳಿಯಹೇಳುವುದು ಈ ಲೇಖನದ ಉದ್ದೇಶ. ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಯನ್ನು ಮಕ್ಕಳು ಮಾತ್ರವಲ್ಲ, ಅವರ ಹೆತ್ತವರೂ ಓದುತ್ತಾರೆ. ಕಣ್ಣು ಮಂಜಾದ ಅಜ್ಜಿಯಂದಿರು ಮೊಮ್ಮಕ್ಕಳಿಂದ ಓದಿಸಿ ಕೇಳುತ್ತಾರೆ. ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಅದೇ ಕಾರಣ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಿಷಿಗನ್ ಎಂಬುದೊಂದು ರಾಜ್ಯ. ಅಲ್ಲಿಯ ಆನ್ ಆರ್ಬರ್ ಪಟ್ಟಣದಲ್ಲಿ ಆ ರಾಜ್ಯದ ವಿಶ್ವವಿದ್ಯಾನಿಲಯವಿದೆ. ೧೮೯೫ನೆಯ ಇಸವಿಯಲ್ಲಿ ಅಲ್ಲಿ ರೋಗಶಾಸ್ತ್ರದ ವಿಭಾಗದಲ್ಲಿದ್ದ ಆಲ್ಡ್ರೆಡ್ ವಾರ್ಥಿನ್ ಎಂಬ ತರುಣ ವೈದ್ಯರಿಗೆ ಪಾಲಿನ್ ಗ್ರಾಸ್ ಎಂಬವಳ ಪರಿಚಯವಾಯಿತು. ಈಕೆ ಬಟ್ಟೆ ಹೊಲಿದು ಜೀವನ ಸಾಗಿಸುತ್ತಿದ್ದ ತರುಣಿ. ಆಗ ಆಕೆಗೆ ಯಾವ ರೋಗವೂ ಇರಲಿಲ್ಲ; ಆದರೂ ಮನಸ್ಸು ಕುಗ್ಗಿತ್ತು. ಕಾರಣ ಕೇಳಿದಾಗ ಆಕೆ, ತಾನು ಬಹುಕಾಲ ಬದುಕುವವಳಲ್ಲವೆಂದೂ, ತನ್ನ ಮನೆತನದ ಅನೇಕರು ಜಠರ, ಕರುಳು ಅಥವಾ ಗರ್ಭಕೋಶದ ಅರ್ಬುದದಿಂದಲೇ ಸತ್ತಿರುವುದರಿಂದ ತನಗೂ ಅದೇ ಗತಿಯೆಂದೂ ಹೇಳಿದಳು. ಅರ್ಬುದವೆಂದರೆ ಇಂದು ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗ.

ಇಂತಹ ಮಾತಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಯಾವುದೆಂದು ನಮಗೆಲ್ಲ ಗೊತ್ತಿದೆ. "ಸುಮ್ಮನೆ ಹೆದರಬೇಡ, ಒಳ್ಳೆಯದನ್ನು ಯೋಚಿಸು" ಎಂದು ಬೆನ್ನು ತಟ್ಟಿ ಕಳುಹಿಸುವುದು ಲೋಕರೂಢಿ. ವಾರ್ಥಿನ್ನರು ಹಾಗೆ ಮಾಡಲಿಲ್ಲ. ಆಕೆಯ ಭಯವನ್ನು ಒಂದು ಸಾಕ್ಷ್ಯವೆಂದು ಬಗೆದು, ಮನೆತನದಲ್ಲಿ ಯಾರು ಯಾರು, ಯಾವ ಪ್ರಾಯದಲ್ಲಿ, ಯಾವ ರೋಗದಿಂದ ತೀರಿಕೊಂಡರೆಂಬುದನ್ನು ಕ್ರಮವಾಗಿ ಕಲೆಹಾಕುವ ಕಾರ್ಯದಲ್ಲಿ ಆಕೆಯನ್ನೇ ಜೊತೆಗೂಡಿಸಿಕೊಂಡರು. ಹೊಲಿಗೆಯ ಕೆಲಸದ ಆ ಹೆಣ್ಣುಮಗಳು ತನ್ನ ಬಂಧುಬಳಗದ ಜನನಮರಣಗಳ ವಿವರಗಳನ್ನು ಹುಡುಕಿ ತಂದು ವೈದ್ಯರಿಗೆ ಒಪ್ಪಿಸಿದಳು.

ಈ ಮನೆತನದ ಹಿರಿಯರು ಜರ್ಮನಿಯಿಂದ ವಲಸೆ ಬಂದು ಮಿಷಿಗನ್ನಿನಲ್ಲಿ ನೆಲೆಸಿದವರು. ೧೯೧೩ರಲ್ಲಿ ವಾರ್ಥಿನ್ನರು ತಮ್ಮ ಪ್ರಯೋಗಾಲಯದ ಹದಿನೆಂಟು ವರ್ಷಗಳ ದಾಖಲೆಗಳನ್ನಾಧರಿಸಿ ಅರ್ಬುದ ಮತ್ತು ಅನುವಂಶೀಯತೆಯ ಬಗ್ಗೆ ಒಂದು ಪ್ರಬಂಧವನ್ನು ಪ್ರಕಟಿಸಿದಾಗ, ಹೆಸರು ಬಯಲಾಗದಂತೆ ಈ ಮನೆತನವನ್ನು "ಜಿ ಕುಟುಂಬ" ಎಂದು ಕರೆದರು. ಅರ್ಬುದದಿಂದ ಸತ್ತ ಅಜ್ಜನೊಬ್ಬನ ೪೮ ಮಂದಿ ಸಂತತಿಯಲ್ಲಿ ೧೭ ಮಂದಿ ಆ ರೋಗದಿಂದ ಸತ್ತಿದ್ದರು, ಇಲ್ಲವೆ ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಅವುಗಳಲ್ಲಿ ೧೦ ಗರ್ಭಕೋಶದ ಅರ್ಬುದಗಳು, ೭ ಜಠರದವು. ಬೇರೆ ಬೇರೆ ಮನೆಗಳಲ್ಲಿ ಅತ್ತು ಮರೆತ ಸಾವುಗಳು ಒಂದೇ ಹಾಳೆಯ ಮೇಲೆ ಸಾಲಾಗಿ ನಿಂತಾಗ ಅವುಗಳ ನಡುವಣ ಸಂಬಂಧ ಕಣ್ಣಿಗೆ ಕಟ್ಟಿತು.

ಪಾಲಿನಳ ಎಣಿಕೆ ಸುಳ್ಳಾಗಲಿಲ್ಲ. ೧೯೧೯ರಲ್ಲಿ, ತನ್ನ ೪೬ನೆಯ ಪ್ರಾಯದಲ್ಲಿ, ಆಕೆ ಗರ್ಭಕೋಶದ ಅರ್ಬುದದಿಂದಲೇ ತೀರಿಕೊಂಡಳು. ತಾನು ಕೂಡಿಸಿದ ಲೆಕ್ಕದಿಂದ ಆಕೆಗೆ ಸ್ವಂತಕ್ಕೆ ಯಾವ ಲಾಭವೂ ಆಗಲಿಲ್ಲ. ಆ ಕಾಲದ ವೈದ್ಯರಲ್ಲಿ ಆಕೆಯನ್ನು ಉಳಿಸಬಲ್ಲ ಉಪಾಯವಿರಲಿಲ್ಲ. ಆದರೆ ಆಕೆ ಬರೆಸಿಟ್ಟ ಪಟ್ಟಿ ಉಳಿಯಿತು.

ಉಳಿಯಿತಾದರೂ ಬಹುಕಾಲ ಅದಕ್ಕೆ ಮನ್ನಣೆ ದೊರೆಯಲಿಲ್ಲವೆಂಬುದನ್ನು ಹೇಳಲೇಬೇಕು. ಅರ್ಬುದ ವಂಶಪಾರಂಪರ್ಯವಾಗಿ ಬರುವ ರೋಗವಲ್ಲವೆಂಬುದೇ ಆಗಿನ ಪ್ರಬಲ ಅಭಿಪ್ರಾಯ. ಇನ್ನೊಂದು ಕಡೆ, ರೋಗವುಳ್ಳ ವಂಶಗಳನ್ನು ಬೆಳೆಯಗೊಡಬಾರದೆಂಬ ಕ್ರೂರವಾದ "ಸುಪ್ರಜನನ" ವಾದವೂ ಪಾಶ್ಚಾತ್ಯ ದೇಶಗಳಲ್ಲಿ ತಲೆಯೆತ್ತಿತ್ತು. ವಾರ್ಥಿನ್ನರು ಸಹ ಅದರ ಪ್ರಭಾವಕ್ಕೆ ಹೊರತಾಗಿರಲಿಲ್ಲ. ಹೀಗಿರುವಾಗ ಯಾವ ಮನೆತನ ತಾನೆ ತನ್ನ ರಹಸ್ಯವನ್ನು ಧೈರ್ಯವಾಗಿ ಹೊರಗೆಡಹೀತು? ರೋಗಿಯನ್ನು ದೂಷಿಸುವ ಸಮಾಜದಲ್ಲಿ ಸತ್ಯ ಅಡಗಿಕೊಳ್ಳುತ್ತದೆ ಎಂಬುದು ನಾವು ಇದರಿಂದ ಕಲಿಯಬೇಕಾದ ಮೊದಲನೆಯ ಪಾಠ.

೧೯೩೬ರಲ್ಲಿ ವಾರ್ಥಿನ್ನರ ತರುವಾಯದವರು ಅದೇ ಕುಟುಂಬದ ಬಗ್ಗೆ ಮತ್ತೊಂದು ವರದಿಯನ್ನು ಪ್ರಕಟಿಸಿದರು. ಆ ಮೇಲೆ ೧೯೬೦ರ ದಶಕದಲ್ಲಿ ನೆಬ್ರಾಸ್ಕ ರಾಜ್ಯದ ಒಮಾಹ ನಗರದ ಹೆನ್ರಿ ಲಿಂಚ್ ಎಂಬ ವೈದ್ಯರು, ಇಂತಹುದೇ ಬೇರೆ ದೊಡ್ಡ ಕುಟುಂಬಗಳನ್ನು ಕಂಡು, ಸಮಾಜಕಾರ್ಯಕರ್ತೆಯಾದ ಆನ್ ಕ್ರಷ್ ಅವರ ನೆರವಿನಿಂದ ಅವುಗಳ ವಂಶವೃಕ್ಷಗಳನ್ನು ಬರೆಯತೊಡಗಿದರು. ಮಿಷಿಗನ್ನಿನಲ್ಲಿ ಜೋಪಾನವಾಗಿದ್ದ ಹಳೆಯ ಕಡತ ಇವರ ಕೈಸೇರಿತು. ೧೯೭೧ರಲ್ಲಿ ಇವರಿಬ್ಬರೂ ಜಿ ಕುಟುಂಬದ ೧೮೯೫ರಿಂದ ೧೯೭೦ರ ವರೆಗಿನ ಚರಿತ್ರೆಯನ್ನು ಪ್ರಕಟಿಸಿದಾಗ ಅದರಲ್ಲಿ ೬೫೦ಕ್ಕೂ ಹೆಚ್ಚು ರಕ್ತಸಂಬಂಧಿಗಳ ಲೆಕ್ಕವಿತ್ತು. ೨೦೧೯ರಲ್ಲಿ ನಿಧನರಾದ ಈ ವೈದ್ಯರ ಗೌರವಾರ್ಥವಾಗಿ ಈ ಅನುವಂಶೀಯ ರೋಗಪ್ರವೃತ್ತಿಯನ್ನು ಈಗ "ಲಿಂಚ್ ಸಿಂಡ್ರೋಮ್" ಎಂದು ಕರೆಯುತ್ತಾರೆ.

ಈ ದೀರ್ಘ ಲೆಕ್ಕದಲ್ಲಿ ಗಮನಾರ್ಹವಾದ ಒಂದು ಸಂಗತಿಯಿದೆ. ಮೊದಲಿನ ತಲೆಮಾರುಗಳಲ್ಲಿ ಜಠರದ ಅರ್ಬುದ ಹೆಚ್ಚಾಗಿತ್ತು. ಮುಂದೆ ಅದು ಕಡಮೆಯಾಗಿ ದೊಡ್ಡ ಕರುಳಿನದು ಹೆಚ್ಚಾಯಿತು. ವಂಶ ಅದೇ, ಬಳುವಳಿ ಅದೇ. ಆದರೆ ಕಾಲದೊಂದಿಗೆ ಜೀವನಕ್ರಮ ಬದಲಾದಂತೆ ರೋಗದ ಸ್ಥಾನವೂ ಬದಲಾಯಿತು. ಬಳುವಳಿಯಾಗಿ ಬರುವುದು ರೋಗವಲ್ಲ, ರೋಗಕ್ಕೆ ಈಡಾಗುವ ಪ್ರವೃತ್ತಿ ಮಾತ್ರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಆ ಬಳುವಳಿ ಎಂತಹುದು? ಇದನ್ನು ತಿಳಿಯಲು ನಾವು ಅಚ್ಚುಕೂಟದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಈ ಸಂಚಿಕೆ ವಾಚಕರ ಕೈಸೇರುವ ಮೊದಲು ಇದರ ಕರಡನ್ನು ಒಬ್ಬರು ಓದಿ ತಪ್ಪುಗಳನ್ನು ತಿದ್ದಿರುತ್ತಾರೆ. ಅಕ್ಷರ ಜೋಡಿಸುವಾಗ ತಪ್ಪಾಗುವುದು ಸಹಜ. "ಹಾಲು" ಎಂಬಲ್ಲಿ ಒಂದೇ ಅಕ್ಷರ ಬದಲಾದರೆ "ಹಾಳು" ಆಗುತ್ತದೆ. ಕರಡು ತಿದ್ದುವವರು ಎಚ್ಚರವಾಗಿದ್ದರೆ ಅದು ಅಲ್ಲಿಗೇ ಸರಿಹೋಗುತ್ತದೆ. ಅವರಿಲ್ಲದೆ ಹೋದರೆ ತಪ್ಪಿನ ಮೇಲೆ ತಪ್ಪು ಸೇರಿ ಪುಸ್ತಕ ಓದಲಾರದಂತಾಗುತ್ತದೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ತಿರುಳಿನಲ್ಲಿ ೨೩ ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಅವುಗಳಲ್ಲಿ ಡಿ.ಎನ್.ಎ. ಎಂಬ ದ್ರವ್ಯದ ರೂಪದಲ್ಲಿ, ನಾಲ್ಕೇ ಅಕ್ಷರಗಳ ಲಿಪಿಯಲ್ಲಿ, ದೇಹವನ್ನು ಕಟ್ಟಿ ನಡೆಸುವ ಆದೇಶಗಳೆಲ್ಲ ಬರೆಯಲ್ಪಟ್ಟಿವೆ. ಹೀಗೆ ಬರೆದ ಒಂದೊಂದು ಆದೇಶವೂ ಒಂದೊಂದು ವಂಶವಾಹಿ. ತಂದೆಯ ಪಾಲಿನ ಪ್ರತಿಯೊಂದರಲ್ಲೇ, ತಾಯಿಯ ಪಾಲಿನ ಪ್ರತಿಯೊಂದರಲ್ಲೇ, ಸುಮಾರು ೩೦೦ ಕೋಟಿ ಅಕ್ಷರಗಳಿವೆ. ಜೀವಕೋಶ ಎರಡಾಗುವ ಮೊದಲು ಇಷ್ಟನ್ನೂ ನಕಲು ಮಾಡಬೇಕು. ಇಷ್ಟು ದೊಡ್ಡ ಗ್ರಂಥವನ್ನು ನಕಲು ಮಾಡುವಾಗ ಕೆಲವು ತಪ್ಪುಗಳು ಆಗಿಯೇ ಆಗುತ್ತವೆ. ಅವನ್ನು ಹುಡುಕಿ ತಿದ್ದುವುದಕ್ಕಾಗಿಯೇ ಪ್ರಕೃತಿ ಜೀವಕೋಶದೊಳಗೆ ತಿದ್ದುಗಾರರನ್ನು ಇರಿಸಿದೆ. ಈ ತಿದ್ದುವಿಕೆಯ ಕ್ರಮವನ್ನು ಶೋಧಿಸಿ ವಿವರಿಸಿದ ಪಾಲ್ ಮಾಡ್ರಿಚ್ ಎಂಬ ವಿಜ್ಞಾನಿಗೆ ೨೦೧೫ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕದಲ್ಲಿ ಪಾಲು ದೊರೆಯಿತು.

ತಿದ್ದುಗಾರನನ್ನು ನಿರ್ಮಿಸುವ ವಂಶವಾಹಿಗಳಲ್ಲಿ ಒಂದಕ್ಕೆ ಎಂ.ಎಸ್.ಎಚ್.-೨ ಎಂದು ಹೆಸರು. ಎರಡನೆಯ ವರ್ಣತಂತುವಿನಲ್ಲಿರುವ ಇದನ್ನು ೧೯೯೩ರಲ್ಲಿ ಗುರುತಿಸಿದರು. ಜಿ ಕುಟುಂಬದಲ್ಲಿ ಕೆಟ್ಟಿರುವುದು ಇದೇ ಎಂದು ೨೦೦೦ದಲ್ಲಿ ತಿಳಿದುಬಂತು. ಪಾಲಿನ್ ತನ್ನ ಭಯವನ್ನು ಬಾಯಿಬಿಟ್ಟು ಹೇಳಿ ಆಗ ನೂರೈದು ವರ್ಷಗಳಾಗಿದ್ದವು.

ಎಲ್ಲರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಅಂದರೆ ಒಬ್ಬ ತಿದ್ದುಗಾರನಿಗೆ ಬದಲಾಗಿ ಇನ್ನೊಬ್ಬ. ಈ ಮನೆತನದ ಕೆಲವರು ಹುಟ್ಟುವಾಗಲೇ ಒಂದು ಕೆಟ್ಟ ಪ್ರತಿಯನ್ನು ಪಡೆದು ಬರುತ್ತಾರೆ. ಆದರೂ ಅವರು ಆರೋಗ್ಯವಂತರಾಗಿಯೇ ಬೆಳೆಯುತ್ತಾರೆ, ಏಕೆಂದರೆ ಉಳಿದ ಒಂದು ಒಳ್ಳೆಯ ಪ್ರತಿಯೇ ಕೆಲಸವನ್ನು ನಿರ್ವಹಿಸುತ್ತದೆ. ಕಾಲಕ್ರಮದಲ್ಲಿ ದೇಹದ ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯ ಪ್ರತಿಯೂ ಆಕಸ್ಮಿಕವಾಗಿ ಕೆಟ್ಟರೆ, ಅಲ್ಲಿಂದ ಮುಂದೆ ಆ ಕೋಶದ ಸಂತತಿಯಲ್ಲಿ ತಪ್ಪುಗಳನ್ನು ತಿದ್ದುವವರಿಲ್ಲ. ತಪ್ಪುಗಳು ಕೂಡುತ್ತ ಹೋಗಿ, ಕೋಶಗಳು ಅಂಕೆ ಮೀರಿ ಬೆಳೆದು ಅರ್ಬುದವಾಗುತ್ತದೆ. ಕರುಳಿನ ಮತ್ತು ಗರ್ಭಕೋಶದ ಒಳಪದರಗಳು ಸದಾ ಹೊಸದಾಗುತ್ತಿರುವಂಥವು. ನಕಲು ಮಾಡುವ ಕೆಲಸ ಅಲ್ಲಿ ಬಿಡುವಿಲ್ಲದೆ ನಡೆಯುತ್ತದೆ. ಎಂ.ಎಸ್.ಎಚ್.-೨ ಕೆಟ್ಟಿರುವ ಹೆಂಗಸರಲ್ಲಿ, ತಡೆಯುವ ಕ್ರಮವೊಂದನ್ನೂ ಕೈಗೊಳ್ಳದಿದ್ದರೆ, ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ತಮ್ಮ ಜೀವಿತಕಾಲದಲ್ಲಿ ಗರ್ಭಕೋಶದ ಅರ್ಬುದ ಬರುವ ಸಂಭವವಿದೆ. ಸಾಧಾರಣ ಜನರಿಗಿಂತ ಇದು ಬಹಳ ಚಿಕ್ಕ ಪ್ರಾಯದಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಬಳುವಳಿಯ ಗಣಿತವನ್ನು ನೋಡೋಣ. ಮೆಂಡೆಲನು ಬಟಾಣಿ ಗಿಡಗಳ ಮೇಲೆ ಮಾಡಿದ ಪ್ರಯೋಗಗಳನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಪಾಠದಲ್ಲಿ ಓದುತ್ತಾರೆ. ಆ ನಿಯಮವೇ ಇಲ್ಲಿಯೂ. ಕೆಟ್ಟ ಪ್ರತಿಯನ್ನು ಹೊತ್ತ ತಾಯಿ ಅಥವಾ ತಂದೆ ತನ್ನ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ಮಗುವಿಗೆ ಕೊಡುವುದರಿಂದ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧ, ಬಾರದಿರುವ ಸಂಭವ ಅರ್ಧ. ನಾಣ್ಯವನ್ನು ಚಿಮ್ಮಿದಂತೆ. ಹಿಂದಿನ ಸಲ ಏನು ಬಿತ್ತೆಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ. ಅಕ್ಕನಿಗೆ ಬಂತೆಂದು ತಂಗಿಗೆ ತಪ್ಪುವುದೂ ಇಲ್ಲ, ಬರಲೇಬೇಕೆಂಬುದೂ ಇಲ್ಲ. ನಾಲ್ವರು ಹೆಣ್ಣುಮಕ್ಕಳಿರುವ ಮನೆಯಲ್ಲಿ ನಾಲ್ವರಿಗೂ ಬರುವ ಸಂಭವ ಹದಿನಾರರಲ್ಲಿ ಒಂದು; ಒಬ್ಬರಿಗೂ ಬಾರದಿರುವ ಸಂಭವವೂ ಹದಿನಾರರಲ್ಲಿ ಒಂದು. ಯಾವ ಮಗಳಿಗೆ ಅದು ಬರಲಿಲ್ಲವೋ ಆಕೆಯ ಮಕ್ಕಳಿಗೂ ಮೊಮ್ಮಕ್ಕಳಿಗೂ ಆಕೆಯ ಕಡೆಯಿಂದ ಅದು ಬರಲಾರದು. ಆ ಕವಲಿನಲ್ಲಿ ಕತೆ ಅಲ್ಲಿಗೇ ಮುಗಿಯಿತು. ಆದುದರಿಂದ "ಆ ಮನೆಯ ಹೆಣ್ಣುಮಕ್ಕಳೆಲ್ಲರಿಗೂ ಹೀಗೆಯೇ" ಎಂಬ ಊರಮಾತು ಗಣಿತದ ಪ್ರಕಾರವೇ ತಪ್ಪು.

ನಮ್ಮ ಕಾಸರಗೋಡು ಸೀಮೆಯವರು ವಿಶೇಷವಾಗಿ ಮನಸ್ಸಿನಲ್ಲಿಡಬೇಕಾದ ಇನ್ನೊಂದು ಅಂಶವಿದೆ. ಇಲ್ಲಿಯ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನವೋ ಮರುಮಕ್ಕತ್ತಾಯವೋ ರೂಢಿಯಲ್ಲಿತ್ತು. ಆಸ್ತಿಯ ಕಟ್ಟಳೆ ಬದಲಾಗಿದ್ದರೂ ಬಳಿಯನ್ನೂ ತರವಾಡನ್ನೂ ತಾಯಿಯ ಕಡೆಯಿಂದಲೇ ಎಣಿಸುವ ಅಭ್ಯಾಸ ಇನ್ನೂ ಇದೆ. ಬೇರೆ ಸಮುದಾಯಗಳಲ್ಲಿ ಗೋತ್ರವನ್ನು ತಂದೆಯ ಕಡೆಯಿಂದ ಎಣಿಸುತ್ತಾರೆ. ಆದರೆ ವಂಶವಾಹಿಗೆ ಬಳಿಯ ಹಂಗೂ ಇಲ್ಲ, ಗೋತ್ರದ ಹಂಗೂ ಇಲ್ಲ. ಅದು ಎರಡು ಕಡೆಯಿಂದಲೂ ಸಮನಾಗಿ ಬರುತ್ತದೆ. ಗರ್ಭಕೋಶದ ಅರ್ಬುದ ಹೆಂಗಸರಿಗೆ ಮಾತ್ರ ಬರುವುದರಿಂದ ಅದು ತಾಯಿಯಿಂದ ಮಗಳಿಗೆ ಇಳಿಯುವ ಕೇಡೆಂದು ತೋರುವುದು ಸಹಜ. ಆದರೆ ಕೆಟ್ಟ ಪ್ರತಿಯನ್ನು ಪಡೆದ ಮಗ, ತಾನು ರೋಗವಿಲ್ಲದೆ ಮುಪ್ಪಿನ ವರೆಗೆ ಬದುಕಿಯೂ, ಅದನ್ನು ತನ್ನ ಮಗಳಿಗೆ ದಾಟಿಸಬಲ್ಲನು. ಆದ ಕಾರಣ ಮನೆತನದ ರೋಗಗಳನ್ನು ವಿಚಾರಿಸುವಾಗ ತಾಯಿಯ ತಾಯಿಯನ್ನು ಮಾತ್ರವಲ್ಲ, ತಂದೆಯ ತಾಯಿಯನ್ನೂ ತಂದೆಯ ಅಕ್ಕತಂಗಿಯರನ್ನೂ ವಿಚಾರಿಸಬೇಕು.

ಇಷ್ಟೆಲ್ಲ ತಿಳಿದು ಪ್ರಯೋಜನವೇನು, ಬರುವುದು ತಪ್ಪೀತೆ ಎಂದು ಕೇಳುವವರುಂಟು. ಉತ್ತರ ಫಿನ್ಲೆಂಡ್ ದೇಶದಿಂದ ಬಂದಿದೆ. ಅಲ್ಲಿ ಇಂತಹ ೨೨ ಕುಟುಂಬಗಳ ೨೫೨ ಮಂದಿಯನ್ನು ೧೫ ವರ್ಷಗಳ ಕಾಲ ಗಮನಿಸಿದರು. ಅವರಲ್ಲಿ ೧೩೩ ಮಂದಿ ಮೂರು ವರ್ಷಕ್ಕೊಮ್ಮೆ ದೊಡ್ಡ ಕರುಳನ್ನು ಪರೀಕ್ಷೆ ಮಾಡಿಸಿಕೊಂಡರು. ೧೧೯ ಮಂದಿ ಮಾಡಿಸಿಕೊಳ್ಳಲಿಲ್ಲ. ೨೦೦೦ದಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಪರೀಕ್ಷೆಗೊಳಗಾದವರಲ್ಲಿ ೮ ಮಂದಿಗೆ ಕರುಳಿನ ಅರ್ಬುದ ಬಂತು, ಒಳಗಾಗದವರಲ್ಲಿ ೧೯ ಮಂದಿಗೆ. ಆ ರೋಗದಿಂದ ಸತ್ತವರು ಮೊದಲನೆಯ ಗುಂಪಿನಲ್ಲಿ ಒಬ್ಬರೂ ಇಲ್ಲ. ಎರಡನೆಯ ಗುಂಪಿನಲ್ಲಿ ೯ ಮಂದಿ. ಎರಡು ಗುಂಪಿನವರೂ ಅವೇ ಕುಟುಂಬಗಳವರು. ಭೇದವಿದ್ದುದು ಎಚ್ಚರದಲ್ಲಿ ಮಾತ್ರ.

ಕೊಲೊನೋಸ್ಕೋಪಿ ಎಂಬ ಈ ಪರೀಕ್ಷೆಯಲ್ಲಿ ಬಳುಕುವ ನಳಿಗೆಯೊಂದರ ಮೂಲಕ ವೈದ್ಯರು ಕರುಳಿನ ಒಳಭಾಗವನ್ನು ಕಣ್ಣಾರೆ ನೋಡುತ್ತಾರೆ. ಅರ್ಬುದವಾಗುವ ಮೊದಲಿನ ಸಣ್ಣ ಗಂಟುಗಳು ಕಂಡರೆ ಆಗಲೇ ತೆಗೆದುಬಿಡುತ್ತಾರೆ. ಲಿಂಚ್ ಸಿಂಡ್ರೋಮ್ ಇದೆಯೆಂದು ಗೊತ್ತಾದವರು ಸಾಮಾನ್ಯವಾಗಿ ಇಪ್ಪತ್ತು-ಇಪ್ಪತ್ತೈದರ ಪ್ರಾಯದಿಂದಲೇ ಒಂದೆರಡು ವರ್ಷಗಳಿಗೊಮ್ಮೆ ಇದನ್ನು ಮಾಡಿಸಿಕೊಳ್ಳಬೇಕೆಂದು ಈಗಿನ ವೈದ್ಯರ ಮತ. ಹೆಂಗಸರ ವಿಷಯದಲ್ಲಿ, ಮಕ್ಕಳಾದ ನಂತರ, ತಕ್ಕ ಪ್ರಾಯದಲ್ಲಿ, ಗರ್ಭಕೋಶವನ್ನೂ ಅಂಡಾಶಯಗಳನ್ನೂ ಮುಂಜಾಗ್ರತೆಯಾಗಿ ತೆಗೆಸಿಕೊಳ್ಳುವ ಮಾರ್ಗವುಂಟು. ಇದರಿಂದ ಆ ಅಂಗಗಳ ಅರ್ಬುದ ಬಹುಮಟ್ಟಿಗೆ ತಪ್ಪುತ್ತದೆ. ಇದು ಸಣ್ಣ ನಿರ್ಧಾರವಲ್ಲ. ವೈದ್ಯರ ಸಲಹೆಯೊಂದಿಗೆ, ಮನೆಯವರ ಒತ್ತಾಯವಿಲ್ಲದೆ, ಆ ಸ್ತ್ರೀಯೇ ಆಲೋಚಿಸಿ ತೀರ್ಮಾನಿಸಬೇಕಾದದ್ದು. ರೋಗ ಬಂದ ಮೇಲೂ ಹಿಂದಿನ ಕಾಲದ ನಿರುಪಾಯತೆ ಈಗಿಲ್ಲ. ತಿದ್ದುಗಾರನಿಲ್ಲದೆ ತಪ್ಪುಗಳು ತುಂಬಿದ ಇಂತಹ ಅರ್ಬುದಗಳ ಮೇಲೆ ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ಔಷಧಗಳು ೨೦೧೭ರಿಂದೀಚೆಗೆ ಬಳಕೆಗೆ ಬಂದಿವೆ.

ತಿಳಿಯುವುದೇ ಒಂದು ಭಾರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಜಿ ಕುಟುಂಬದವರೇ ಆದ, ಕೆನಡದಲ್ಲಿ ನೆಲೆಸಿರುವ ಏಮಿ ಮೆಕೇ ಎಂಬ ಲೇಖಕಿ, ಇಬ್ಬರು ಗಂಡುಮಕ್ಕಳ ತಾಯಿಯಾಗಿದ್ದಾಗ, ೨೦೦೧ರಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು ತಮ್ಮಲ್ಲಿಯೂ ಆ ಬಳುವಳಿ ಇದೆಯೆಂದು ಅರಿತರು. ೨೦೧೯ರಲ್ಲಿ ಅವರು ತಮ್ಮ ಮನೆತನದ ಹೆಂಗಸರ ಚರಿತ್ರೆಯನ್ನು ಗ್ರಂಥರೂಪವಾಗಿ ಪ್ರಕಟಿಸಿದ್ದಾರೆ. ಪಾಲಿನಳಿಗೆ ಇದ್ದುದು ಭಯ ಮಾತ್ರ. ಈಕೆಗೆ ದೊರೆತದ್ದು ಭಯದೊಂದಿಗೆ ಒಂದು ದಾರಿ. ಎರಡರ ನಡುವೆ ನಾಲ್ಕಾರು ತಲೆಮಾರುಗಳ ನೆನಪೂ ಅನೇಕ ವೈದ್ಯರ ಶ್ರಮವೂ ಇವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಅರ್ಬುದಗಳೆಲ್ಲ ಬಳುವಳಿಯಿಂದ ಬರುವುದಿಲ್ಲ. ನೂರರಲ್ಲಿ ಐದರಿಂದ ಹತ್ತರಷ್ಟು ಮಾತ್ರ ಈ ರೀತಿ ವಂಶದಿಂದ ಬಂದವು. ಹೆಚ್ಚಿನವಕ್ಕೆ ಪ್ರಾಯ, ಹೊಗೆಸೊಪ್ಪು, ಮದ್ಯ, ಆಹಾರ, ಸೋಂಕು ಮುಂತಾದ ಬೇರೆ ಕಾರಣಗಳಿವೆ. ಒಂದೇ ಮನೆಯಲ್ಲಿ ಹಲವರು ರೋಗಿಗಳಾದರೆ ಕಾರಣ ರಕ್ತದಲ್ಲಿಯೇ ಇರಬೇಕೆಂದೂ ಇಲ್ಲ. ಅವರು ಕುಡಿದ ನೀರಿನಲ್ಲಿ, ಉಸಿರಾಡಿದ ಗಾಳಿಯಲ್ಲಿ ಇರಬಹುದು. ೧೯೭೦ರ ದಶಕದ ಕೊನೆಯಿಂದ ೨೦೦೦ದ ವರೆಗೆ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ನಮ್ಮ ಜಿಲ್ಲೆಯವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಅಲ್ಲಿಯೂ ಮೊದಮೊದಲು ಜನರು ದೈವದ ಮುನಿಸೆಂದೂ ಮನೆತನದ ದೋಷವೆಂದೂ ನಂಬಿ ಕುಳಿತದ್ದುಂಟು. ಊರುಗಳ ರೋಗಿಗಳ ಪಟ್ಟಿ ಒಂದೆಡೆ ಸೇರಿದ ಬಳಿಕವೇ ನಾಡಿನ ಕಣ್ಣು ತೆರೆಯಿತ್ತು. ಕಾರಣ ವಂಶವೇ ಇರಲಿ, ವಿಷವೇ ಇರಲಿ, ಲೆಕ್ಕವಿಡುವುದೇ ಅದನ್ನು ಹಿಡಿಯುವ ಮೊದಲ ಹೆಜ್ಜೆ.

ಯಾವ ಮನೆಯವರು ವಂಶದ ಬಗ್ಗೆ ವಿಚಾರಿಸಬೇಕು? ವೈದ್ಯರು ಇದಕ್ಕೆ ಮೂರು-ಎರಡು-ಒಂದು ಎಂಬ ಸುಲಭವಾದ ಸೂತ್ರವನ್ನು ಹೇಳುತ್ತಾರೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಮೂವರಿಗೆ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಅರ್ಬುದ. ಅದು ಒಂದರ ಮೇಲೊಂದಾಗಿ ಎರಡು ತಲೆಮಾರುಗಳಲ್ಲಿ. ಅವರಲ್ಲಿ ಒಬ್ಬರಿಗಾದರೂ ೫೦ರ ಪ್ರಾಯಕ್ಕೆ ಮೊದಲು. ಇಷ್ಟು ಕೂಡಿಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಇಷ್ಟು ಕೂಡಿಬಾರದಿದ್ದರೂ ಸಂಶಯವಿದ್ದಲ್ಲಿ ಕೇಳುವುದರಿಂದ ನಷ್ಟವಿಲ್ಲ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ, ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮುಂತಾದೆಡೆ ಚಿಕಿತ್ಸೆಗೆ ಹೋಗುವ ನಮ್ಮವರು, ಮನೆತನದಲ್ಲಿ ಹಿಂದೆ ಆದುದನ್ನು ಮುಚ್ಚಿಡದೆ ಮೊದಲ ದಿನವೇ ಹೇಳಬೇಕು.

ಸಂಕೋಚವನ್ನು ಬಿಡಬೇಕಾದ ಮತ್ತೆರಡು ಸಂಗತಿಗಳಿವೆ. ಮುಟ್ಟು ನಿಂತ ಮೇಲೆ ಪುನಃ ರಕ್ತ ಕಾಣಿಸಿದರೆ, ಅಥವಾ ಅದಕ್ಕೆ ಮೊದಲೇ ಕ್ರಮತಪ್ಪಿ ಸ್ರಾವವಾಗುತ್ತಿದ್ದರೆ, "ಪ್ರಾಯದ ದೋಷ" ಎಂದು ಸುಮ್ಮನಿರಬಾರದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಮದ್ದು ಮಾಡುತ್ತ ತಿಂಗಳುಗಳನ್ನು ಕಳೆಯಬಾರದು. ನಮ್ಮ ತಾಯಂದಿರು ಮನೆಯವರೆಲ್ಲರ ಶೀತಜ್ವರಕ್ಕೂ ಕಷಾಯ ಕಾಯಿಸುತ್ತಾರೆ. ತಮ್ಮ ಮೈಯಲ್ಲಿ ಆಗುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಆ ಸಹನೆಯನ್ನು ಹೊಗಳಿ ಹೊಗಳಿ ನಾವು ಅವರಿಗೆ ಅನ್ಯಾಯ ಮಾಡಿದ್ದೇವೆ.

ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂಬ ಅಂಜಿಕೆಯನ್ನೂ ನಾವು ಲಘುವಾಗಿ ಕಾಣಲಾರೆವು. ಅದು ನಿಜವಾದ ಅಂಜಿಕೆ. ಆದರೆ ಅದರ ಪರಿಹಾರ ಮುಚ್ಚಿಡುವುದರಲ್ಲಿಲ್ಲ. ಪಾಶ್ಚಾತ್ಯ ದೇಶಗಳ ಅಂದಾಜಿನಂತೆ ಸುಮಾರು ೩೦೦ ಮಂದಿಯಲ್ಲಿ ಒಬ್ಬರಿಗೆ ಈ ಬಳುವಳಿ ಇರುತ್ತದೆ. ಬೇರೆ ರೋಗಗಳ ಬಳುವಳಿಗಳನ್ನೂ ಎಣಿಸಿದರೆ ನಿಷ್ಕಳಂಕವಾದ ವಂಶವೆಂಬುದು ಲೋಕದಲ್ಲಿ ಎಲ್ಲಿಯೂ ಇರಲಾರದು. ಹೆಣ್ಣು ಕೊಡುವವರ ಮನೆಯನ್ನು ಮಾತ್ರ ತೂಗಿ ನೋಡುವವರು ತಮ್ಮ ಮನೆಯ ತಕ್ಕಡಿಯನ್ನೂ ಒಮ್ಮೆ ನೋಡಿಕೊಳ್ಳಲಿ. ಕಾರಣವನ್ನರಿತು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳುವ ಸೊಸೆ, ಅರಿಯದೆ ಅಕಾಲದಲ್ಲಿ ಮಕ್ಕಳನ್ನು ಬಿಟ್ಟುಹೋಗುವ ಸೊಸೆಗಿಂತ ಆ ಮನೆಗೆ ಎಷ್ಟೋ ಮೇಲಲ್ಲವೆ?

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸುತ್ತೇವೆ. ಬರುವ ಬೇಸಗೆಯ ರಜೆಯಲ್ಲಿ, ಹಲಸಿನ ಹಪ್ಪಳ ಒಣಗಿಸುತ್ತ ಜಗಲಿಯಲ್ಲಿ ಕುಳಿತ ಅಜ್ಜಿಯ ಬಳಿ ಒಂದು ಪುಸ್ತಕ ಮತ್ತು ಪೆನ್ಸಿಲು ಹಿಡಿದು ಕುಳಿತುಕೊಳ್ಳಿರಿ. ಗಂಡಸರಿಗೆ ಒಂದು ಚೌಕ, ಹೆಂಗಸರಿಗೆ ಒಂದು ವೃತ್ತ. ಅಜ್ಜ, ಅಜ್ಜಿ, ಅವರ ಒಡಹುಟ್ಟಿದವರು, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ, ಸೋದರತ್ತೆ — ತಾಯಿಯ ಕಡೆಯವರನ್ನೂ ತಂದೆಯ ಕಡೆಯವರನ್ನೂ ಬಿಡದೆ ಬರೆಯಿರಿ. ಯಾರು ಎಷ್ಟನೆಯ ಪ್ರಾಯದಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರೆಂಬುದನ್ನು ಕೇಳಿ ಪಕ್ಕದಲ್ಲಿ ಗುರುತಿಸಿರಿ. "ಹೊಟ್ಟೆನೋವಿನಿಂದ ಹೋದಳು" ಎಂದರೆ ಹಾಗೆಯೇ ಬರೆಯಿರಿ; ಅದೂ ಒಂದು ಸುಳಿವು. ಅಜ್ಜಿಗೆ ಕಣ್ಣೀರು ಬಂದರೆ ಆ ದಿನಕ್ಕೆ ನಿಲ್ಲಿಸಿ, ಮರುದಿನ ಮುಂದುವರಿಸಿರಿ. ಆ ಪುಸ್ತಕವನ್ನು ಶಾಲೆಗೆ ತಂದು ತೋರಿಸಬೇಕಾಗಿಲ್ಲ. ಅದಕ್ಕೆ ಅಂಕಗಳೂ ಇಲ್ಲ. ಅದು ನಿಮ್ಮ ಮನೆಯ ಸೊತ್ತು. ಆಧಾರಪತ್ರಗಳನ್ನು ಇಡುವ ಪೆಟ್ಟಿಗೆಯಲ್ಲಿ ಅವುಗಳ ಜೊತೆಗೇ ಅದನ್ನು ಜೋಪಾನವಾಗಿಡಿರಿ.